ಬಡಗಿಯಕ್ಕನ ಕಿಟಕಿಗಳು

ಹಲಗೆ ಕೈಗೆ ಬಂದೊಡನೆ ಬಡಗಿಯಕ್ಕ ಕಣ್ಣು ಮುಚ್ಚಿ, ಜ್ವರ ಬಂದ ಮಗುವಿನ ಹಣೆಗೆ ತಾಯಿ ಕೆನ್ನೆ ತಾಗಿಸುವಂತೆ, ಅದನ್ನು ಕೆನ್ನೆಗೊತ್ತಿಕೊಂಡು ಒಂದು ಗಳಿಗೆ ನಿಂತುಬಿಡುತ್ತಿದ್ದರು. "ಇನ್ನೂ ಹಸಿ ಇದೆ, ಎರಡು ವಾರ ಮಲಗಿರ್ಲಿ" ಎಂದರೆ ಮುಗಿಯಿತು. ಯಾರ ಅವಸರಕ್ಕೂ ಆ ಎರಡು ವಾರ ಹದಿಮೂರು ದಿನವಾಗುತ್ತಿರಲಿಲ್ಲ.

ನಾನಾಗ ಗ್ರಂಥಾಲಯದ ಹಳೆಯ ದಾಖಲೆಗಳ ವಿಭಾಗದಲ್ಲಿ ಗುಮಾಸ್ತ. ಅವರು ಕಪಾಟು ಕಿಟಕಿಗಳ ದುರಸ್ತಿಗಿದ್ದವರು. ಬಲಗಾಲನ್ನು ತುಸು ಎಳೆದು ನಡೆಯುವ ಮಿತಭಾಷಿ. ಮೊಣಕೈ ಸವೆದ ಅವರ ಬೂದು ಕೋಟಿನ ಜೇಬುಗಳಲ್ಲಿ ಮೊಳೆಗಳಿಗಿಂತ ಹೆಚ್ಚಾಗಿ ದಾರಿಯಲ್ಲಿ ಹೆಕ್ಕಿದ ಕಾಯಿ, ತೊಗಟೆ, ಒಣ ಬೀಜಗಳೇ ತುಂಬಿರುತ್ತಿದ್ದವು.

ನಮ್ಮ ವಿಭಾಗವಿದ್ದ ನೆಲಮಾಳಿಗೆಯ ಆಜನ್ಮ ಶತ್ರು ತೇವ. ಅದನ್ನು ಹೀರುವ ಯಂತ್ರವೊಂದು ವರ್ಷವಿಡೀ ಗುಡುಗುತ್ತಿತ್ತು. ಹೊರಗೆ ಒಣಗಾಳಿ ಬಿಟ್ಟಿಯಾಗಿ ಬೀಸುವ ದಿನಗಳಲ್ಲೂ ನಾವು ಕಿಟಕಿ ಜಡಿದು ಕರೆಂಟು ಸುಡುತ್ತಿದ್ದೆವು. ಒಂದು ಬೆಳಿಗ್ಗೆ ಅವರು ಗ್ರಂಥಪಾಲಕರ ಮೇಜಿನ ಮೇಲೆ ಪೈನ್ ಮರದ ಎರಡು ಕಾಯಿಗಳನ್ನಿಟ್ಟರು. ಒಣಗಿದ್ದು ಎಸಳೆಸಳಾಗಿ ಬಿಚ್ಚಿತ್ತು; ನೀರಲ್ಲಿ ನೆನೆಸಿದ್ದು ಮುಷ್ಟಿಯಂತೆ ಬಿಗಿದಿತ್ತು.

"ಸತ್ತ ಕಾಯಿ ಸಾರ್, ಇದು. ಜೀವ ಇಲ್ಲ, ಕರೆಂಟಿಲ್ಲ. ಆದ್ರೂ ಥಂಡಿ ಬಂದ್ರೆ ತಾನೇ ಬಾಗಿಲು ಹಾಕ್ಕೊಳತ್ತೆ. ನಮ್ಮ ಕಿಟಕಿಗೇನು ಧಾಡಿ?"

ಗ್ರಂಥಪಾಲಕರು ನಕ್ಕರು, ನಕ್ಕು, ಮೂರು ಕಿಟಕಿಗಳನ್ನು ಅವರ ವಶಕ್ಕೆ ಕೊಟ್ಟರು.

ತೇವಕ್ಕೆ ಒಂದು ಹೆಚ್ಚು ಹಿಗ್ಗುವ, ಇನ್ನೊಂದು ಅಷ್ಟಾಗಿ ಹಿಗ್ಗದ ಎರಡು ತೆಳು ಮರದ ಪದರಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದರೆ, ಗಾಳಿ ಒಣಗಿದಾಗ ಕಿಟಕಿಗೆ ಕೂರಿಸಿದ ಆ ರೆಕ್ಕೆ ಬಾಗಿ ತೆರೆಯಬೇಕು, ತೇವವಾದಾಗ ನೆಟ್ಟಗಾಗಿ ಮುಚ್ಚಬೇಕು. ಇಷ್ಟು ಹೇಳಲು ನನಗೆ ಒಂದು ವಾಕ್ಯ ಸಾಕಾಯಿತು. ಮಾಡಲು ಅವರಿಗೆ ಎಂಟು ತಿಂಗಳು ಹಿಡಿಯಿತು. ಕೊನೆಗೆ ರೆಕ್ಕೆಗಳು ಕಿಟಕಿಗೇರಿದವು, ಯಂತ್ರ ಮೌನವಾಯಿತು, ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಬಳಿಕ ವಾರವಿಡೀ ಮಳೆ. ಮೂಲೆಯ ಕಪಾಟಿನಲ್ಲಿದ್ದ ಹಳೆಯ ನಕ್ಷೆಗಳ ಎರಡು ಕಟ್ಟುಗಳಿಗೆ ಬೂಷ್ಟು ಹಿಡಿಯಿತು. ಗೋಡೆ ಸೋರಿರಬೇಕೆಂದು ನಾವು ಮಾತಾಡಿಕೊಳ್ಳುತ್ತಿದ್ದಾಗ ಅವರೇ ಬಂದು ನಿಂತರು.

"ಗೋಡೇದಲ್ಲ ಸಾರ್, ತಪ್ಪು ನಂದು. ಒಂದು ಕಿಟಕಿಗೆ ಪದರ ಅದಲುಬದಲಾಗಿದೆ. ಮಳೆಗೆ ತೆರ್ಕೊಂಡಿದೆ."

"ಹೇಳದೆ ಇದ್ದಿದ್ರೆ ಗೊತ್ತೇ ಆಗ್ತಿರ್ಲಿಲ್ವಲ್ಲಮ್ಮಾ," ಎಂದರು ಗ್ರಂಥಪಾಲಕರು, ಕೋಪಕ್ಕಿಂತ ಅಚ್ಚರಿಯಿಂದ.

"ಮುಂದಿನ ಮಳೆಗೆ ಗೊತ್ತಾಗ್ತಿತ್ತು."

ಕಿಟಕಿಗಳನ್ನು ಅಂದೇ ಜಡಿಯಲಾಯಿತು. ಯಂತ್ರ ಮತ್ತೆ ಗುಡುಗಿತು. ಒಂದು ತಿಂಗಳು ಅವರು ದಿನದ ಕೆಲಸ ಮುಗಿಸಿ, ಗ್ರಂಥಾಲಯದ ಬೈಂಡರನ ಪಕ್ಕದಲ್ಲಿ ಕುಳಿತು, ನಕ್ಷೆಗಳ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಒಣಗಿಸಿದರು. ಏಳು ಹಾಳೆ ಉಳಿಯಲಿಲ್ಲ. ಆ ಏಳನ್ನೂ ಅವರು ಬಹಳ ಹೊತ್ತು ನೋಡುತ್ತಿದ್ದುದನ್ನು ಕಂಡಿದ್ದೇನೆ. ಆಮೇಲೆ ಮತ್ತೊಮ್ಮೆ ಅನುಮತಿ ಕೇಳಿದರು. ಗ್ರಂಥಪಾಲಕರು ಕೊಟ್ಟರು, ತಪ್ಪನ್ನು ತಾನೇ ಹುಡುಕಿಕೊಂಡು ಬಂದವರಿಗೆ ಕೊಡದೆ ಇನ್ಯಾರಿಗೆ ಕೊಡಲಿ, ಎಂದರು.

ಈಗ ಅಂಥ ಹನ್ನೊಂದು ಕಿಟಕಿಗಳಿವೆ. ಯಂತ್ರ ವರ್ಷಕ್ಕೆ ಮೂರು ತಿಂಗಳು ಓಡಿದರೆ ಹೆಚ್ಚು. ಅವರ ಹೆಸರಿನ ಫಲಕ ಹಾಕಿಸಲು ಹೊರಟಾಗ, "ಕಾಪಿ ಹೊಡ್ದೋರಿಗೆ ಯಾಕ್ರೀ ಬಹುಮಾನ?" ಎಂದು ಗದರಿ ಹೊರಟುಹೋದರು.

ನಿಸರ್ಗ ನಮ್ಮ ಗುರು ಎಂದು ಭಾಷಣ ಮಾಡುವವರು ಊರ ತುಂಬ ಇದ್ದಾರೆ. ಶಿಷ್ಯರು ವಿರಳ. ತನಗಿಂತ ಹೆಚ್ಚು ಬಲ್ಲದ್ದೊಂದು ಕಾಲಬುಡದಲ್ಲಿ ಬಿದ್ದಿದ್ದರೆ ಬಗ್ಗಿ ಎತ್ತಿಕೊಳ್ಳುವ ವಿನಯ, ಕಲಿತದ್ದು ತಪ್ಪಾದಾಗ ಪಾಠವನ್ನು ದೂರದೆ ತನ್ನನ್ನೇ ತಿದ್ದಿಕೊಳ್ಳುವ ಧೈರ್ಯ, ಇವೆರಡೂ ಒಬ್ಬರಲ್ಲೇ ಕೂಡಿಬರುವುದು ಅಪರೂಪ. ಕೂಡಿಬಂದ ಕಡೆ, ಯಾರ ಗಮನಕ್ಕೂ ಬಾರದಂತೆ, ಲೋಕದ ಒಂದು ಮೂಲೆ ಹಾಳಾಗದೆ ಉಳಿಯುತ್ತದೆ.