ಮ್ಯಾನೇಜರ್ ಮಲಗಿದ ಹಾಸಿಗೆ

ನಿದ್ದೆಯಕ್ಕ ಎರಡನೆಯ ಹಾಸಿಗೆಯ ಮೇಲೆ ಕಣ್ಣು ಮುಚ್ಚಿ ಮಗ್ಗುಲು ಬದಲಿಸುತ್ತಿರುವಾಗಲೇ ಮ್ಯಾನೇಜರನ ಬೂಟಿನ ಸದ್ದು ಬಂದು ಅವಳ ತಲೆದೆಸೆಯಲ್ಲಿ ನಿಂತಿತು.

"ಒಂದು ಹಾಸಿಗೆಗೇ ನಾಲ್ಕು ನಿಮಿಷ ತಗೊಳ್ತಿದ್ದೀರಿ. ಇರೋದು ನಲವತ್ತು ಹಾಸಿಗೆ. ಲಾರಿ ಬಂದು ನಿಂತಿದೆ."

"ಮೊದಲನೇದ್ರಲ್ಲೇ ಸ್ಪ್ರಿಂಗ್ ಚುಚ್ಚುತ್ತೆ ಸಾರ್. ಸರಿಯಾಗಿ ಎಡಭುಜಕ್ಕೆ."

ಮಲಗಿ ಸಂಬಳ ತೆಗೆದುಕೊಳ್ಳುವ ಭಾಗ್ಯ ಆ ಹಾಸಿಗೆ ಕಾರ್ಖಾನೆಯಲ್ಲಿ ಅವಳೊಬ್ಬಳಿಗೇ ಇತ್ತು. ಹತ್ತೊಂಬತ್ತು ವರ್ಷದಲ್ಲಿ ಅವಳ ಬೆನ್ನು ಎಂಥ ಸೂಕ್ಷ್ಮಕ್ಕೆ ಬಂದಿತ್ತೆಂದರೆ, ಹಾಸಿಗೆಯೊಳಗೆ ಒಂದು ತಲೆಗೂದಲು ಸಿಕ್ಕಿಕೊಂಡಿದ್ದರೂ ಅದು ಹೊಲಿಗೆ ವಿಭಾಗದ ಯಾರ ತಲೆಯದೆಂದು ಮಲಗಿದಲ್ಲಿಂದಲೇ ಹೇಳುತ್ತಿದ್ದಳು. ಅವಳು ಮುದ್ರೆ ಒತ್ತಿದ ಚೀಟಿಯಿಲ್ಲದೆ ಒಂದು ದಿಂಬೂ ಗೇಟು ದಾಟುತ್ತಿರಲಿಲ್ಲ.

ಅದೆಲ್ಲ ಹಳೇ ಧಣಿ ಓಡಾಡುತ್ತಿದ್ದ ಕಾಲದ ಮಾತು. ಈಗ ಧಣಿಯ ಅಳಿಯನೇ ಮ್ಯಾನೇಜರ್. ಆರು ತಿಂಗಳಲ್ಲಿ ಆತ ಅಂಟಿಸಿದ ಸುತ್ತೋಲೆಗಳ ಭಾರಕ್ಕೆ ಗೋಡೆ ಮೂರು ಅಂಗುಲ ಒಳಗೆ ವಾಲಿತ್ತು. ನೀರು ಕುಡಿಯುವುದಕ್ಕೆ ಒಂದು ಫಾರಂ, ಕುಡಿದ ನೀರನ್ನು ಬಿಟ್ಟು ಬರುವುದಕ್ಕೆ ಇನ್ನೊಂದು. ಬೆಳಗ್ಗೆ ಸಾಲಾಗಿ ನಿಂತು "ನಮಗೆ ದಣಿವಿಲ್ಲ" ಎಂದು ಮೂರು ಸಲ ಕೂಗಬೇಕು; ಎರಡೆರಡು ಪಾಳಿ ದುಡಿದವರು ಅದನ್ನು ಆಕಳಿಸುತ್ತಲೇ ಕೂಗುತ್ತಿದ್ದರು. ಎಲ್ಲಕ್ಕಿಂತ ಘನವಾದದ್ದು ಹನ್ನೊಂದನೆಯ ಸುತ್ತೋಲೆ: ಮ್ಯಾನೇಜರ್ ತಾವಾಗಿ ಮಾತನಾಡಿಸದ ಹೊರತು, ಅವರ ಲಿಖಿತ ಅಪ್ಪಣೆಯಿಲ್ಲದೆ ಯಾರೂ ಅವರನ್ನು ಮಾತನಾಡಿಸತಕ್ಕದ್ದಲ್ಲ.

"ಇದು ಆಸ್ಪತ್ರೆ ಮಾಲು ಸಾರ್. ಅಲ್ಲಿ ಮಲಗೋರಿಗೆ ಹೊರಳೋಕೂ ಆಗಲ್ಲ, ಹೇಳೋಕೂ ಆಗಲ್ಲ." ಮೂರು ವರ್ಷ ಹಾಸಿಗೆ ಹಿಡಿದಿದ್ದ ತಾಯಿಯನ್ನು ತನ್ನ ಕೈಯಾರೆ ಹೊರಳಿಸಿದ್ದನ್ನು ಅವಳು ಹೇಳಲಿಲ್ಲ. ಅದಕ್ಕೆ ಯಾವ ಫಾರಮ್ಮೂ ಇರಲಿಲ್ಲ.

"ಒಂದು ಗಂಟೆಯೊಳಗೆ ನಲವತ್ತಕ್ಕೂ ಸೀಲ್ ಬೀಳ್ಬೇಕು. ಇಲ್ಲಾಂದ್ರೆ ಸೀಲು ಇಲ್ಲಿಟ್ಟು ಮನೆಗೆ ಹೋಗಿ. ಮತ್ತೆ ಬರ್ಬೇಡಿ. ಚುಚ್ಚುತ್ತಂತೆ, ಚುಚ್ಚುತ್ತೆ." ಆತ ಬೂಟು ಸಮೇತ ಮೊದಲನೆಯ ಹಾಸಿಗೆಯ ಮೇಲೆ ಅಡ್ಡಾದ. "ನೋಡಿ, ಏನೂ..."

ಮಾತು ಅಲ್ಲಿಗೇ ನಿಂತಿತು. ಮಾವ ಹಗಲೂ ರಾತ್ರಿ ಗಂಟೆಗೊಮ್ಮೆ ಫೋನು ಮಾಡಿ ಝಾಡಿಸುತ್ತಿದ್ದುದರಿಂದ ಆತ ಆರು ತಿಂಗಳಿಂದ ರೆಪ್ಪೆ ಮುಚ್ಚಿರಲಿಲ್ಲವೆಂಬುದು ಲೋಕಕ್ಕೇ ಗೊತ್ತಿತ್ತು. ಬಾಯಿ ತೆರೆದೇ ಇತ್ತು. ಅದರಿಂದ ಗೊರಕೆ ಹೊರಟಿತು.

"ಎಬ್ಬಿಸೋಣ್ವಾ?" ಎಂದ ಹೊಲಿಗೆಯವನು.

"ಅಪ್ಪಣೆ ಚೀಟಿ ಎಲ್ಲಿ?" ಎಂದ ಕಾವಲುಗಾರ.

"ಚೀಟಿಗೆ ಅವ್ರೇ ಸೈನ್ ಹಾಕ್ಬೇಕಲ್ಲಪ್ಪ."

"ಹಾಗಾದ್ರೆ ಅವರು ಏಳ್ಲಿ. ಸೈನ್ ಹಾಕಿಸ್ಕೊಂಡು ಆಮೇಲೆ ಎಬ್ಬಿಸಿದ್ರಾಯ್ತು."

ಯಂತ್ರದ ಸದ್ದಿಗೆ ಎಚ್ಚರವಾದರೆ ಅದೂ ಮಾತನಾಡಿಸಿದ ಲೆಕ್ಕಕ್ಕೇ ಬಂದೀತೆಂದು ಒಂದೊಂದೇ ಯಂತ್ರ ನಿಂತಿತು. ಇಷ್ಟು ವರ್ಷ ಆ ಸದ್ದಿನ ಮೇಲೆ ಒರಗಿ ನಿಂತಿದ್ದವರಂತೆ ಎಲ್ಲರೂ ಒಮ್ಮೆ ತೂರಾಡಿದರು. ಸೂರಿನ ಗಾಜಿನಿಂದ ಇಳಿದ ಬೆಳಕಿನಲ್ಲಿ ಹತ್ತಿಯ ದೂಳು ಕೆಳಗೆ ಬೀಳುವುದನ್ನೇ ಮರೆತು ತೇಲಿತು.

ಮೊದಲು ಏಳನೆಯ ಹಾಸಿಗೆಗೆ ಉರುಳಿದವನು ಲಾರಿ ಡ್ರೈವರ್. ಅವನ ಪಕ್ಕದ್ದಕ್ಕೆ ಹೊಲಿಗೆಯವನು. ಆಮೇಲೆ ಅಂಟು ಹಚ್ಚುವವರು, ಕತ್ತರಿಸುವವರು, ಲೆಕ್ಕದವನು, ಕೋಲು ಸಮೇತ ಕಾವಲುಗಾರ. ಯಾರೂ ಯಾರಿಗೂ ಹೇಳಲಿಲ್ಲ. ನೋಡುನೋಡುತ್ತಿದ್ದಂತೆ ಮೂವತ್ತೊಂಬತ್ತು ಹಾಸಿಗೆಗಳೂ ತುಂಬಿ, ಕಾರ್ಖಾನೆಗೆ ಕಾರ್ಖಾನೆಯೇ ನೆಲ ಬಿಟ್ಟು ಎಲ್ಲಿಗೋ ಹೊರಟಂತಿತ್ತು. ನಿಂತಿದ್ದವಳು ನಿದ್ದೆಯಕ್ಕ ಒಬ್ಬಳೇ.

"ಅಕ್ಕಾ," ಹೊಲಿಗೆಯವನು ಎದ್ದು ಕುಳಿತ. "ನಂದೂ ಚುಚ್ಚುತ್ತೆ."

"ಎಡಭುಜನಾ?"

"ಹೂಂ. ನಾನೇ ಹೊಲಿದಿದ್ದು, ಥೂ."

ಅವಳು ಆ ಚೀಟಿಯನ್ನು ಬದಿಗಿಟ್ಟಳು. ಡ್ರೈವರನ ಕಿವಿಯ ಬಳಿ ಬಗ್ಗಿದಳು. "ನಿಂದು ಹೇಗಿದೆಯಪ್ಪ?"

"ಅಮ್ಮನ ಮಡಿಲು ಕಣಕ್ಕ. ಎಬ್ಬಿಸ್ಬೇಡ."

ಅದಕ್ಕೆ ಮುದ್ರೆ ಬಿತ್ತು. ಹೀಗೆ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಪಿಸುದನಿಯಲ್ಲಿ ಕೇಳುತ್ತ, ಅರೆನಿದ್ದೆಯ ಉತ್ತರಗಳನ್ನು ಆಯ್ದುಕೊಳ್ಳುತ್ತ ಬಂದಳು. ಇಪ್ಪತ್ತಾರು ನೆಟ್ಟಗಿದ್ದವು, ಹದಿಮೂರು ಚುಚ್ಚುತ್ತಿದ್ದವು. ಉಳಿದದ್ದು ಒಂದು.

ಮ್ಯಾನೇಜರನಿಗೆ ಎಚ್ಚರವಾದಾಗ ಒಂದು ಗಂಟೆಯ ಗಡುವು ಯಾವಾಗಲೋ ದಾಟಿತ್ತು. ಸುತ್ತ ಎಲ್ಲರೂ ಎದ್ದು ನಿಂತಿದ್ದರು. ಆತ ಮಾತನಾಡಿಸುವವರೆಗೆ ಯಾರೂ ತುಟಿ ಬಿಚ್ಚುವಂತಿರಲಿಲ್ಲ, ಬಿಚ್ಚಲೂ ಇಲ್ಲ.

"ನಾನು ಎಷ್ಟು ಹೊತ್ತು..."

"ಎರಡು ಗಂಟೆ ಸಾರ್," ಎಂದಳು ನಿದ್ದೆಯಕ್ಕ. ಕೊನೆಯ ಚೀಟಿಯನ್ನೂ ಮುದ್ರೆಯನ್ನೂ ಆತನ ಮುಂದೆ ಹಿಡಿದಳು. "ಮಿಕ್ಕಿದ್ದೆಲ್ಲ ಆಯ್ತು. ಹದಿಮೂರಕ್ಕೆ ನಾನು ಒತ್ತಲ್ಲ. ಇದ್ರ ಮೇಲೆ ಮಲಗಿದ್ದು ನೀವು. ನೀವೇ ಹೇಳಿ."

ಆತ ಮುದ್ರೆ ತೆಗೆದುಕೊಂಡ. ಅದು ಚೀಟಿಯ ಮೇಲೆ ಒಂದು ಬೆರಳಿನಷ್ಟು ಎತ್ತರದಲ್ಲಿ ನಿಂತಿತು. ಹೊರಗೆ ಡ್ರೈವರ್ ಬಿಟ್ಟು ಬಂದಿದ್ದ ಲಾರಿ ಗುರುಗುಡುತ್ತಿತ್ತು. ಆತ ಮುದ್ರೆಯನ್ನು ಕೆಳಗಿಟ್ಟು, ಬಲಗೈಯನ್ನು ಎಡಭುಜದ ಹಿಂದಕ್ಕೆ ಹಾಯಿಸಿದ. ಅಂಗಿಯ ತೂತಿನೊಳಗೆ ಬೆರಳು ಹೋಯಿತು.

"ಚುಚ್ಚಿತು," ಎಂದ.

ಇಪ್ಪತ್ತಾರು ಹಾಸಿಗೆ ಹೊತ್ತು ಲಾರಿ ಹೊರಟಿತು. ಆಫೀಸಿನ ಕೋಣೆಯಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು; ಆತ ಅತ್ತ ಹೋಗಲಿಲ್ಲ, ಬೂಟಿನ ದಾರ ಬಿಚ್ಚುತ್ತ ಸ್ಟೂಲಿನ ಮೇಲೆ ಕುಳಿತ. ಮೊದಲನೆಯ ಹಾಸಿಗೆಯಲ್ಲಿ ಮೈಯಷ್ಟುದ್ದದ ತಗ್ಗು, ಯಾರ ಕಣ್ಣಿಗೂ ಬೀಳದಷ್ಟು ಮೆಲ್ಲಗೆ, ಮೇಲೇಳುತ್ತಿತ್ತು.