ಮುನಿಸ್ವಾಮಪ್ಪನ ಪ್ರೆಸ್ಸಿನ ಹುಲಿ

ನಮ್ಮ ರಾಬರ್ಟ್‌ಸನ್‌ಪೇಟೆಯಲ್ಲಿ ಮಹಾಪುರುಷರು ತಯಾರಾಗುತ್ತಿದ್ದುದು ಮುನಿಸ್ವಾಮಪ್ಪನ ಪ್ರೆಸ್ಸಿನಲ್ಲಿ. ಮದುವೆ ಕಾರ್ಡುಗಳ ನಡುವೆ ಬಿಡುವಾದಾಗ ಅವನು ಮಕ್ಕಳಿಗಾಗಿ ಜೀವನಚರಿತ್ರೆಗಳನ್ನು ಅಚ್ಚು ಹಾಕುತ್ತಿದ್ದ. ಬರೆಯುವವರು ಬಂಗಾರಪೇಟೆಯ ರಾಮಚಂದ್ರಪ್ಪ ಮೇಷ್ಟ್ರು. ಅಚ್ಚಿನ ಮೊಳೆ ಜೋಡಿಸುವವನು ನಾನು.

ಪ್ರೆಸ್ಸಿನಲ್ಲಿ ಚಿತ್ರದ ಬ್ಲಾಕುಗಳು ಇದ್ದದ್ದೇ ಮೂರು. ಮದ್ರಾಸಿನಲ್ಲಿ ಬಾಗಿಲು ಹಾಕಿದ ಯಾವುದೋ ಪ್ರೆಸ್ಸಿನಿಂದ ತಂದವು. ಒಂದರಲ್ಲಿ ಚಡ್ಡಿ ಹಾಕಿದ ಹುಡುಗ ಬೀದಿದೀಪದ ಕೆಳಗೆ ಓದುತ್ತಿದ್ದ, ಇನ್ನೊಂದರಲ್ಲಿ ತಾಯಿಯ ಕಾಲಿಗೆ ಬೀಳುತ್ತಿದ್ದ, ಮತ್ತೊಂದರಲ್ಲಿ ಹುಲಿಯ ಎದುರು ಎದೆ ಸೆಟೆಸಿ ನಿಂತಿದ್ದ. ಮುನಿಸ್ವಾಮಪ್ಪ ಮೊದಲೇ ಜುಗ್ಗ, ಹೊಸ ಬ್ಲಾಕು ಮಾಡಿಸುವ ಆಸಾಮಿಯಲ್ಲ. ಹಾಗಾಗಿ ಮೇಷ್ಟ್ರು ಮೊದಲು ಬ್ಲಾಕು ನೋಡಿ ಆಮೇಲೆ ಬಾಲ್ಯ ಬರೆಯುತ್ತಿದ್ದರು. ಸಂತನಾಗಲಿ ಸೇನಾಪತಿಯಾಗಲಿ, ನಮ್ಮ ದೀಪದ ಕೆಳಗೆ ಓದಿ ನಮ್ಮ ಹುಲಿಯನ್ನು ಹೆದರಿಸಿಯೇ ದೊಡ್ಡವರಾಗಬೇಕು. ಒಬ್ಬ ಗಣಿತಜ್ಞನಂತೂ ಹುಲಿಯ ಪಟ್ಟೆಗಳನ್ನು ಎಣಿಸಿ ವಾಪಸು ಬಂದ. ಶಾಲೆಗಳು ಪುಸ್ತಕ ಕೊಂಡವು, ಮಕ್ಕಳು ಬಾಯಿಪಾಠ ಮಾಡಿದರು.

ಎಂಬತ್ತನಾಲ್ಕರಲ್ಲಿ ಬೇತಮಂಗಲದ ಕಡೆಯ ಒಂದು ಹಳ್ಳಿಯವರು ಬಂದು, ತಮ್ಮೂರ ಹಾಲಿನ ಡೇರಿ ಕಟ್ಟಿದ ಅಕ್ಕಯ್ಯಮ್ಮನ ಮೇಲೆ ಮಕ್ಕಳ ಪುಸ್ತಕ ಬೇಕೆಂದರು. ಬದುಕಿರುವವರ ಬಗ್ಗೆ ಬರೆದು ಮೇಷ್ಟ್ರಿಗೆ ಅಭ್ಯಾಸವಿರಲಿಲ್ಲ. ಆದರೂ ಆಕೆಯನ್ನು ಪ್ರೆಸ್ಸಿಗೆ ಕರೆಸಿ ಕೂರಿಸಿಕೊಂಡರು.

"ನಂದೇನೂ ಇಲ್ಲ ಬುಡಿ ಮೇಷ್ಟ್ರೇ," ಅಂದಳು ಅಕ್ಕಯ್ಯಮ್ಮ. "ಡೇರಿ ಕಟ್ಟಿದ್ದು ನಾನೂ ಚಿಕ್ಕವೆಂಕಟಮ್ಮನೂ. ಆಲಿನ ದಲ್ಲಾಳಿ ಅಳತೇಲಿ ಮೋಸ ಮಾಡ್ತಿದ್ದ, ಎಲ್ಲಾರೂ ಬಾಯ್ ಮುಚ್ಕೊಂಡಿದ್ವಿ. ಅವ್ಳು ಅವನ ಕೈಯಿಂದ ಸೇರು ಕಿತ್ಕೊಂಡು ಸೈಕಲ್ಲಿಗೆ ಅಡ್ಡ ನಿಂತ್ಳು. ಅವತ್ತಿಂದ ಅವನಿಗೆ ಯಾರೂ ಆಲು ಆಕ್ಲಿಲ್ಲ. ಓದ ವರ್ಸ ತೀರ್ಕೊಂಡ್ಳು. ಮಕ್ಳು ಮರಿ ಇಲ್ಲ, ಒಂದು ಪೋಟೋನೂ ಇಲ್ಲ. ಅವಳ ಎಸ್ರು ಪುಸ್ತಕದಾಗೆ ಬರ್ಬೇಕು. ನಂಗೆ ಬೇಕಾಗಿರೋದು ಅಷ್ಟೇ."

ಮೇಷ್ಟ್ರು ಧಾರಾಳವಾಗಿ ತಲೆಯಾಡಿಸಿದರು. ಆಕೆ ಬಸ್ಸು ಹತ್ತಿದ ಮೇಲೆ, "ಒಂದು ಪುಸ್ತಕಕ್ಕೆ ಒಬ್ಬರೇ ಮಹಾಪುರುಷರು. ಇಬ್ಬರನ್ನು ಹಾಕಿದರೆ ಮಕ್ಕಳು ಪರೀಕ್ಷೆಯಲ್ಲಿ ಯಾರ ಹೆಸರು ಬರೆಯಬೇಕು? ಅದರ ಮೇಲೆ ಬೀದಿ ಜಗಳ ಬೇರೆ," ಅಂದರು.

"ಚಿತ್ರದಲ್ಲಿರೋನು ಹುಡುಗ ಅಲ್ವಾ ಸಾರ್?" ಅಂತ ನಾನು ಕೇಳಿದೆ.

"ಚಿಕ್ಕಂದಿನಲ್ಲಿ ತಿರುಪತಿಗೆ ಮುಡಿ ಕೊಟ್ಟಿದ್ದಳು ಅಂತ ಬರೀರಿ," ಅಂದ ಮುನಿಸ್ವಾಮಪ್ಪ. ಚಡ್ಡಿಯ ವಿಚಾರ ಯಾರೂ ಎತ್ತಲಿಲ್ಲ.

ಹೀಗೆ ಶಾಲೆಯ ಮುಖ ನೋಡದ ಅಕ್ಕಯ್ಯಮ್ಮ, ಆಗಿನ್ನೂ ಕರೆಂಟೇ ಬಾರದ ಊರಿನಲ್ಲಿ, ಬೀದಿದೀಪದ ಕೆಳಗೆ ಓದಿದಳು. ಮೊಳೆ ಜೋಡಿಸುತ್ತಾ ನನಗೆ ಮೈ ಉರಿಯಿತು. ಚಿಕ್ಕವೆಂಕಟಮ್ಮನಿಗೆ ಒಂದು ಸಾಲು ಸಾಕಿತ್ತು, ಹುಲಿಗೆ ಇಡೀ ಪುಟ ಹೋಗಿತ್ತು. ಬಾಯಿಬಿಟ್ಟು ಹೇಳಿಯೂ ಹೇಳಿದೆ. "ನಿನ್ ಕೆಲಸ ನೋಡ್ಲಾ," ಅಂದ ಮುನಿಸ್ವಾಮಪ್ಪ.

ಬಿಡುಗಡೆಯ ದಿನ ಡೇರಿಯ ಮುಂದೆ ಶಾಮಿಯಾನ ಹಾಕಿದ್ದರು. ಮಕ್ಕಳ ಕೈಗೆಲ್ಲ ಒಂದೊಂದು ಪುಸ್ತಕ ಕೊಟ್ಟಿದ್ದರು. ಒಬ್ಬ ಹುಡುಗಿ ಮೈಕಿನಲ್ಲಿ ಪೂರ್ತಿ ಓದಿದಳು. ಅಕ್ಕಯ್ಯಮ್ಮ ಕೊನೆಯ ಸಾಲಿನವರೆಗೂ ಕಾದು, ಮೇಷ್ಟ್ರ ಕಡೆ ತಿರುಗಿ, "ಚಿಕ್ಕವೆಂಕಟಮ್ಮ ಎಲ್ಲಿ?" ಅಂದಳು.

"ಪುಟ ಸಾಲಲಿಲ್ಲಮ್ಮ."

"ಉಲಿಗೆ ಸಾಲ್ತಾ?"

ಮೇಷ್ಟ್ರು ಕೊರಳಿನ ಹಾರ ಸರಿಮಾಡಿಕೊಂಡರು. ಅಕ್ಕಯ್ಯಮ್ಮ ಎದ್ದು ಮೈಕಿನ ಹತ್ತಿರ ಹೋದಳು. ಎಲ್ಲ ಸುಳ್ಳು ಅಂತ ಈಗ ಹೇಳಿಬಿಡುತ್ತಾಳೆ ಅಂದುಕೊಂಡು ಮುನಿಸ್ವಾಮಪ್ಪ ಆಗಲೇ ಚಪ್ಪಲಿ ಹುಡುಕುತ್ತಿದ್ದ.

"ಮಕ್ಳಾ, ಉಲಿ ಇರೋ ಪುಟ ತೆಗೀರಿ," ಅಂದಳು ಆಕೆ. "ಉಲಿ ಎಸ್ರು ಆಕೋದು ಮೇಷ್ಟ್ರು ಮರ್ತವ್ರೆ. ಕೆಳಗೆ ಬರ್ಕಳಿ, ಚಿಕ್ಕವೆಂಕಟಮ್ಮ ಅಂತ. ಇನ್ನೊಂದು ತಪ್ಪೈತೆ. ನಾನು ಅವಳ ಎದುರಿಗೆ ನಿಂತಿರ್ಲಿಲ್ಲ. ಇಂದೆ ನಿಂತಿದ್ದೆ."

ಮಕ್ಕಳು ಬ್ಯಾಗಿನಿಂದ ಪೆನ್ಸಿಲು ತೆಗೆದರು. ಪುಸ್ತಕದಲ್ಲಿ ಗೀಚಬಾರದು ಅಂತ ಮೇಷ್ಟ್ರು ಕೂಗಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಕಣ್ಣು ತುಂಬಿತು, ಮುಚ್ಚಿಡುವುದೇನಿದೆ.

ಮುಂದಿನ ವರ್ಷ ಆ ಊರಿನ ಶಾಲೆಗೆ ಇನ್ಸ್‌ಪೆಕ್ಟರು ಬಂದು, ಡೇರಿ ಕಟ್ಟಿದವರು ಯಾರು ಅಂತ ಕೇಳಿದರಂತೆ. ಇಡೀ ಕ್ಲಾಸು ಒಂದೇ ಸ್ವರದಲ್ಲಿ, "ಚಿಕ್ಕವೆಂಕಟಮ್ಮ ಅನ್ನೋ ಹುಲಿ, ಅವಳ ಹಿಂದೆ ಅಕ್ಕಯ್ಯಮ್ಮ," ಅಂದಿತಂತೆ. ನಮ್ಮ ಪ್ರೆಸ್ಸಿನ ಪುಸ್ತಕ ಓದಿ ಮಕ್ಕಳು ನಿಜ ಹೇಳಿದ್ದು ಅದೊಂದೇ ಸಲ.