ಮೂಲೆಯ ವಡಿ

“ಹಚಾ! ಹೊಳ್ಳಿ ಬಂತ ನೋಡ ಇದ!” ಎಂದು ಮೀನಾ ಸೆರಗು ಬೀಸಿ ನಾಯಿಯನ್ನು ಪೆಂಡಾಲಿನಾಚೆ ಅಟ್ಟಿದಳು. ಕಂದು ನಾಯಿ ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಸುಂದರವ್ವನ ಮೆಟ್ಟಿಲ ಬಳಿಯೇ ಕೂತಿತು.

ಒಳಗೆ ಬುದ್ಧನ ಫೋಟೊದ ಮುಂದೆ ಮೇಣದ ಬತ್ತಿ ಉರಿಯುತ್ತಿತ್ತು. ರಾತ್ರಿ ಮಲಗಿದ ಸುಂದರವ್ವ ಬೆಳಿಗ್ಗೆ ಎದ್ದಿರಲಿಲ್ಲ. ನೇಸರಗಿಯ ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ ‘ಬಾಯಾರ’ ಅನ್ನಿಸಿಕೊಂಡು ಊರ ಮಕ್ಕಳ ಮೂಗು ಒರೆಸಿದ ಕೈಗಳನ್ನು ಬಿಳಿ ಸೀರೆಯ ಮೇಲೆ ಜೋಡಿಸಿದ್ದರು.

“ಜಟ್ಟೆಪ್ಪ ಮಾಮಾನ ಬಸ್ಸು ಯರಗಟ್ಟಿ ದಾಟೈತಂತ. ಅಂವಾ ಬಂದ ಮ್ಯಾಲ ಎತ್ತೂದರೀ,” ಎಂದಳು ಮಗಳು ಪೂನಮ್. ಅತ್ತು ಅತ್ತು ಅವಳ ದನಿ ಒಡೆದಿತ್ತು.

“ಲಗೂ ಬಂದರ ಪಾಡಾತು. ಮನಿಗೆ ಹೋಗಿ ಮೈ ತೊಳಕೋಬೇಕು,” ಎಂದು ಪಕ್ಕದ ಮನೆಯ ಗಂಗಾ ಮೀನಾಳ ಕಿವಿಯಲ್ಲಿ ಹೇಳಿದಳು.

*

ಹನ್ನೊಂದು ವರ್ಷದ ಹಿಂದೆ ಸುಂದರವ್ವ ಈ ಓಣಿಯಲ್ಲಿ ಮನೆ ಕಟ್ಟಿಸಿಕೊಂಡು ಬಂದಿದ್ದಳು. ಸೋಮವಾರ ಸಂಜೆ ಹೆಂಗಸರು ಮೀನಾಳ ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತ ಹರಟುತ್ತಿದ್ದಾಗ, ಡಬ್ಬಿ ಹಿಡಿದು ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಮೇಲೆ ಬರ್ರಿ ಎಂದು ಯಾರೂ ಅನ್ನಲಿಲ್ಲ.

“ರವಾದ ಸಿಹಿ ವಡಿ ರೀ, ಕೇಕಿನಂಗ. ಹಳೇ ಕುಕ್ಕರಿನ ತಳಕ್ಕ ಉಸುಕು ಹಾಕಿ ಬೇಯಿಸೇನಿ. ತಗೋರಿ.”

ಒಳಗೆ ಮೀನಾಳ ಅತ್ತೆ ಕೆಮ್ಮಿದಳು. ಸುಂದರವ್ವನ ಜಾತಿಯವರ ಅಡುಗೆಯನ್ನು ಆ ಮನೆಯಲ್ಲಿ ಯಾರೂ ಮುಟ್ಟಿದವರಲ್ಲ.

“ಇವತ್ತ ಸ್ವಾಮಾರದ ಒಪ್ಪತ್ತ ರೀ ಬಾಯಾರ. ಆಮ್ಯಾಲ ತಿಂತೇನಿ,” ಎಂದು ಮೀನಾ ವಡಿಯನ್ನು ಕಾಗದದಲ್ಲಿ ಸುತ್ತಿಕೊಂಡಳು. ಹಿತ್ತಲಿಗೆ ಹೋಗಿ ನಾಯಿಗೆ ಹಾಕಿದಳು.

ಮರುವಾರ ಸುಂದರವ್ವ ಮಂಗಳವಾರ ಬಂದಳು. “ಇವತ್ತ ಒಪ್ಪತ್ತಿಲ್ಲಲ್ಲ ರೀ ಮೀನಕ್ಕ?” ಹಲ್ಲು ನೋವು ಎಂದಳು ಮೀನಾ. ಮುಂದಿನ ವಾರ ವಡಿ ಮೆತ್ತಗಾಗಿ ಬಂತು. ಸಕ್ಕರೆ ಕಾಯಿಲೆ ಎಂದಳು. ಅಂದಿನಿಂದ ಡಬ್ಬಿಯ ಮೂಲೆಯಲ್ಲಿ, ಗೋಡಂಬಿ ಒತ್ತಿದ ಒಂದು ವಡಿ ಬೇರೆಯೇ ಬರತೊಡಗಿತು. ಮೀನಾಳ ಬಳಿ ನೆಪಗಳು ಮುಗಿದವು; ಕಾಗದ ಮುಗಿಯಲಿಲ್ಲ.

ಅತ್ತೆ ತೀರಿಕೊಂಡು ಆರು ವರ್ಷವಾಯಿತು. ಕೆಮ್ಮುವವರು ಯಾರೂ ಇರಲಿಲ್ಲ. ಆದರೂ ಪ್ರತಿ ಮಂಗಳವಾರ ಸಂಜೆ ಆ ಕಂದು ನಾಯಿ ಹಿತ್ತಲಲ್ಲಿ ಬಂದು ಕಾಯುತ್ತಿತ್ತು.

*

ಪೂನಮ್ ಒಳಗಿಂದ ಡಬ್ಬಿ ತಂದು ಮೀನಾಳ ಮುಂದೆ ಕೂತಳು.

“ಇವತ್ತ ಮಂಗಳವಾರ ನೋಡ್ರಿ ಮಾವಶಿ. ಅವ್ವ ನಿನ್ನೇನ ಮಾಡಿಟ್ಟಿದ್ಲು.” ಗೋಡಂಬಿಯ ವಡಿಯನ್ನು ಎತ್ತಿ ಕೊಟ್ಟಳು. “ಇದನ್ನ ನನಗೂ ಮುಟ್ಟಗೊಡತಿದ್ದಿಲ್ಲ, ಮೀನಕ್ಕನ ಪಾಲು ಅಂತ. ಸಕ್ರಿ ಇಲ್ಲದ ಹೆಂಗ ಮಾಡತಿದ್ಲೋ, ನಾ ಕೇಳಲೇ ಇಲ್ಲ. ಹೆಂಗಿರತಿತ್ತರೀ? ಅದರ ರುಚಿ ನಿಮಗೊಬ್ಬರಿಗೇ ಗೊತ್ತು.”

ಮೀನಾ ವಡಿಯನ್ನು ಅಂಗೈಯಲ್ಲಿ ಹಿಡಿದಳು. ಹನ್ನೊಂದು ವರ್ಷ ಕೈಯಲ್ಲಿ ಹಿಡಿದ ವಸ್ತುವಿನ ತೂಕ ಗೊತ್ತಿತ್ತು, ಅಷ್ಟೆ.

“ಹೆಣ ಮನ್ಯಾಗ ಇದ್ದಾಗ ಏನೂ ತಿನ್ನಬಾರದವ್ವಾ,” ಎಂದಳು ಗಂಗಾ ಅವಸರದಿಂದ. “ಸುತ್ತಕೊಂಡ ಹೋಗು, ಆಮ್ಯಾಲ ತಿಂದೀಯಂತ.”

“ಕಾಗದನೂ ಇಟ್ಟಾಳ ನೋಡ್ರಿ ನಿಮಗಂತ,” ಎಂದಳು ಪೂನಮ್.

ಡಬ್ಬಿಯ ಮೂಲೆಯಲ್ಲಿ, ವಡಿ ಇದ್ದ ಜಾಗದ ಪಕ್ಕದಲ್ಲೇ, ಹಳೆಯ ಪೇಪರಿನ ಒಂದು ತುಂಡನ್ನು ಚೌಕವಾಗಿ ಮಡಚಿ ಇಡಲಾಗಿತ್ತು. ಅಂಚುಗಳನ್ನು ಉಗುರಿನಿಂದ ನೀವಿದಂತಿತ್ತು.

ಮೀನಾ ಅದನ್ನು ನೋಡುತ್ತಲೇ ಇದ್ದಳು. ಗಂಗಾ ಮೊಣಕೈಯಿಂದ ತಿವಿದಳು. ಮೀನಾ ಕಾಗದ ಮುಟ್ಟದೆ, ವಡಿಯ ಅರ್ಧ ಮುರಿದು ಬಾಯಿಗಿಟ್ಟುಕೊಂಡಳು. ಅಗಿಯುವ ಕೆಲಸವೇ ಇರಲಿಲ್ಲ. ನಾಲಿಗೆಯ ಮೇಲೆ ಕರಗಿತು.

“ಖಜೂರ…” ಎಂದಳು ತಡೆಯಲಾರದೆ. “ಇದರಾಗ ಖಜೂರ ಐತಿ!”

ಪೂನಮ್ ಕಣ್ಣೊರೆಸುವುದನ್ನು ನಿಲ್ಲಿಸಿ ಅವಳ ಮುಖವನ್ನೇ ನೋಡಿದಳು.

ಅಷ್ಟರಲ್ಲಿ ನಾಯಿ ಜನರ ಕಾಲ ಸಂದಿಯಿಂದ ನುಸುಳಿ ಬಂದು ಮೀನಾಳ ಮುಂದೆ ನಿಂತಿತು. ಅವಳ ಕೈಯಲ್ಲಿ ಉಳಿದ ಅರ್ಧ ವಡಿಯನ್ನೇ ನೋಡುತ್ತ, ಪ್ರತಿ ಮಂಗಳವಾರದಂತೆ, ಬಾಲ ಅಲ್ಲಾಡಿಸತೊಡಗಿತು.